ಹಂಚು ಕೈಯಾಡಿಸುವವರು ಯಾರು?

ಜಗಳೂರು ಸೀಮೆಯ ಮಾಳಿಗೆ ಮನೆಗಳಿಗೆ ಪ್ರತಿ ವರ್ಷ ಮುಂಗಾರಿಗೆ ಮೊದಲು ಕರಲು ಹಾಕಬೇಕು. ಹಳ್ಳದ ದಂಡೆಯಲ್ಲಿ, ಏನೂ ಬೆಳೆಯದೆ ಬೆಳ್ಳಗೆ ಬಿರಿದ ನೆಲದಲ್ಲಿ ಸಿಗುವ ಸೌಳು ಮಣ್ಣು ಅದು. ಗಾಡಿಯಲ್ಲಿ ತಂದು, ಬುಟ್ಟಿಯಲ್ಲಿ ಹೊತ್ತು ಏಣಿ ಹತ್ತಿ, ಮಾಳಿಗೆಯ ಮೇಲೆಲ್ಲ ಹರಡಿ, ನೀರು ಚಿಮುಕಿಸಿ ಬಡಿಯಬೇಕು. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ ಮಣ್ಣಿನ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದುರಿ ಸಣ್ಣ ಸಣ್ಣ ಸಂದುಗಳಿಗೆಲ್ಲ ಇಳಿದು ಕೂರುತ್ತವೆ. ಆಮೇಲೆ ಬಿದ್ದ ಮಳೆ ಕೆಳಗಿಳಿಯದೆ ದೋಣಿಯ ಕಡೆ ಹರಿದು ಹೊರಗೆ ಬೀಳುತ್ತದೆ. ಕಾಳು ಬೆಳೆಯಲು ಬಾರದ ಮಣ್ಣನ್ನೇ ಸೂರಿಗೆ ಏರಿಸಿದ ಆ ಹಿರಿಯರ ಬುದ್ಧಿಯ ಬಗ್ಗೆ ನನಗೆ ಈಗಲೂ ಗೌರವ.

ನಾನು ಹುಟ್ಟಿದ್ದು ಅಂಥ ಮನೆಯಲ್ಲಿ. ಬೇವಿನ ಕಂಬ, ಅದರ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ದಬ್ಬೆ, ಬಂದರಿಕೆ ಸೊಪ್ಪು, ಆಮೇಲೆ ಮಣ್ಣು. ಮನೆಯ ಅಳತೆಯನ್ನು ಅಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಗವಾಕ್ಷಿಯಿಂದ. ಮಳೆ ಬಂದರೆ ಮಕ್ಕಳಾದ ನಮ್ಮ ಕೆಲಸ ಓಡಿ ಹೋಗಿ ಅದನ್ನು ಮುಚ್ಚುವುದು. ಕರಲು ಹಾಕುವ ದಿನ ಓಣಿಯ ನಾಲ್ಕು ಮನೆಯವರು ಸೇರುತ್ತಿದ್ದರು. ಇಂದು ನಮ್ಮ ಮಾಳಿಗೆ, ನಾಳೆ ಅವರದು. ಅಜ್ಜಿ ಕೆಳಗೆ ನಿಂತು, "ಮನೆಗೆ ವರ್ಷಕ್ಕೊಂದು ಸಲ ಕೈ ಬೀಳ್ಬೇಕು ಕಣವ್ವಾ. ಕೈ ಬೀಳ್ದಿದ್ರೆ ಅದು ಕುಂತ್ಕಂಡ್ ಬಿಡ್ತೈತೆ" ಎನ್ನುತ್ತಿದ್ದಳು. ಆಗ ಅದು ಕೆಲಸಕ್ಕೆ ಹುರುಪು ಕೊಡಲು ಹೇಳಿದ ಮಾತು ಅನ್ನಿಸುತ್ತಿತ್ತು. ಆಮೇಲೆ ನಮ್ಮ ಬಳಗದ ಒಂದೊಂದು ಹಳೆಯ ಮನೆಯ ಮುಂದೆಯೂ ಉಳಿಸುವುದೋ, ಕೆಡವುವುದೋ, ಬಿಟ್ಟು ಹೋಗುವುದೋ ಎಂಬ ಪ್ರಶ್ನೆ ಬಂದು ನಿಂತಾಗ ನಾನು ಅಳೆದಿದ್ದು ಅದೇ ಮಾತಿನಿಂದ.

ಅಣ್ಣ ಆ ಮನೆ ಕೆಡವುವ ಮಾತೆತ್ತಿದಾಗ ಸಿಮೆಂಟಿನ ಮನೆಯ ಆಸೆಗೆ ಎತ್ತಿದ್ದಲ್ಲ. ಎತ್ತು ಮಾರಿ ಆಗಿತ್ತು, ಹಾಗಾಗಿ ಗಾಡಿ ಇರಲಿಲ್ಲ. ಕರಲು ಸಿಗುತ್ತಿದ್ದ ಹಳ್ಳದ ಪಕ್ಕದ ಜಾಗವನ್ನು ಯಾರೋ ಉತ್ತು ಹೊಲ ಮಾಡಿಕೊಂಡಿದ್ದರು. ಓಣಿಯ ಮೂರು ಮನೆಯವರು ಊರು ಬಿಟ್ಟಿದ್ದರು, ಮಾಳಿಗೆ ಹತ್ತಲು ಕರೆಯುವುದಾದರೂ ಯಾರನ್ನು? ಸೋರುವ ಕಡೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿದರೆ ಅದರಡಿ ತೇವ ನಿಂತು ಜಂತೆಗೆ ಗೆದ್ದಲು. ಕುಡಿಯುವ ನೀರಿಗೂ ಅತ್ತಿಗೆ ಸರತಿಯಲ್ಲಿ ಕೊಡ ಇಟ್ಟು ಕಾಯಬೇಕು. ಕೊಳವೆಬಾವಿ ಎಷ್ಟು ಆಳಕ್ಕೆ ಹೋದರೂ ಧೂಳೇ ಬರುತ್ತಿದ್ದ ವರ್ಷಗಳವು. "ಮನೆ ಉಳಿಸ್ಕಳಣ ಅಂತ ನಿಂಗೆ ಹೇಳೋದು ಸಲೀಸು ತಂಗೀ. ಇಲ್ಲಿ ಇರೋರು ನಾವು" ಎಂದ ಅಣ್ಣ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಪಾಲಿನ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಇದರ ಹಿಂದೊಂದು ಕತೆಯಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಕುಟುಂಬ ವಾಸಿಸುವ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಗಂಡನ ಮನೆಯಲ್ಲಿರುವ ಮಗಳಿಗೆ ಅಲ್ಲಿ ವಾಸದ ಹಕ್ಕೂ ಇರಲಿಲ್ಲ. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅಷ್ಟರೊಳಗೆ ಮದುವೆಯಾಗಿದ್ದ ನನ್ನಂಥವರು ಅದರಿಂದ ಹೊರಗೇ ಉಳಿದೆವು. 2005ರ ಕೇಂದ್ರದ ತಿದ್ದುಪಡಿ ನಮ್ಮನ್ನೂ ಒಳಗೆ ತಂದಿತು, 23ನೇ ಕಲಮನ್ನೂ ತೆಗೆಯಿತು. ಹುಟ್ಟಿದ ಮನೆಯ ಬಗ್ಗೆ ನನ್ನ ಮಾತಿಗೆ ಕಾನೂನಿನಲ್ಲಿ ತೂಕ ಬಂದದ್ದು ಆಗ. ಆ ತೂಕವನ್ನು ಅಣ್ಣನ ಮೇಲೆ ಹೇರುವುದು ನನಗೆ ಬೇಡವಾಗಿತ್ತು. ಸಹಿ ಹಾಕಿದೆ. ಕಂಬ, ಬೋದಿಗೆ, ಗಟ್ಟಿಯಿದ್ದ ತೊಲೆಗಳನ್ನು ಮಾತ್ರ ನನಗೆ ಕೊಡು ಎಂದೆ. ಹಳೆಯ ಮರಮುಟ್ಟು ಕೊಳ್ಳುವವರು ಆಗಲೇ ಬಂದು ಕೆತ್ತನೆಯ ಬಾಗಿಲಿಗೆ ಬೆಲೆ ಕಟ್ಟಿ ಹೋಗಿದ್ದರು. ನಮ್ಮ ಕಡೆಯ ಎಷ್ಟೋ ತಲೆಬಾಗಿಲುಗಳು ಹೀಗೆ ಲಾರಿ ಹತ್ತಿ ದೂರದ ಊರುಗಳ ಹೋಟೆಲು, ರೆಸಾರ್ಟುಗಳ ಪಡಸಾಲೆ ಸೇರಿವೆ. ಬಾಗಿಲನ್ನು ಅಣ್ಣ ಮಾರಲಿಲ್ಲ.

ಅವರು ದಾವಣಗೆರೆಗೆ ಬಾಡಿಗೆ ಮನೆಗೆ ಹೋದರು. ಆಮೇಲೆ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡತೊಡಗಿತು. ತುಪ್ಪದಹಳ್ಳಿ ಕೆರೆಗೆ ನದಿಯ ನೀರು ಬಂದಾಗ ಅಣ್ಣ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಮನೆಯ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀರು ಹತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟು ಮಾಳಿಗೆಗಳು ಉಳಿಯುತ್ತಿದ್ದವೋ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಹಳೆಯ ಮನೆಗಳ ಸಾವಿಗೆ ನಾವು ಸಿಮೆಂಟನ್ನು ದೂರುತ್ತೇವೆ. ನಾನು ಕಣ್ಣಾರೆ ಕಂಡಂತೆ ಬರಗಾಲ ಮೊದಲು ಜನರನ್ನು ಒಯ್ದಿತು. ಮನೆ ಬಿದ್ದದ್ದು ಆಮೇಲೆ.

ಮದುವೆಯಾಗಿ ನಾನು ಬಂದದ್ದು ಚನ್ನಗಿರಿ ತಾಲ್ಲೂಕಿನ ಹಳ್ಳಿಗೆ. ಆಗ ತವರು ಚಿತ್ರದುರ್ಗ ಜಿಲ್ಲೆ, ಗಂಡನ ಮನೆ ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಎರಡೂ ಒಂದೇ ಜಿಲ್ಲೆಗೆ ಬಂದವು. ಜಿಲ್ಲೆ ಒಂದಾದರೂ ನೆಲ ಒಂದಾಗಲಿಲ್ಲ. ಇಲ್ಲಿ ಭದ್ರಾ ನಾಲೆಯಿದೆ, ಸೂಳೆಕೆರೆಯಿದೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಕಟ್ಟಿ, ಸಿದ್ಧನ ತೂಬು, ಬಸವನ ತೂಬು ಎಂದು ಎರಡು ತೂಬು ಇಟ್ಟು ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಆ ಕೆರೆಯ ದಂಡೆಗೆ ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು ಕರೆದುಕೊಂಡು ಹೋಗಿದ್ದರು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಿದ್ದು, ಸ್ವರ್ಗಾವತಿ ಎಂಬ ಪಟ್ಟಣ ಅದರಡಿ ಮುಳುಗಿದ್ದು, ಎಲ್ಲ ಕತೆ ಹೇಳಿ, "ಒಂದೂರು ಮುಳುಗ್ತು, ಇಷ್ಟೂರು ಉಣ್ತಾ ಅದಾವೆ ನೋಡು" ಎಂದರು. ನೀರಿಗೆ ಹಪಹಪಿಸಿ ಬಂದ ಹುಡುಗಿ ನಾನು, ಆ ನೀರಿನ ಹರವನ್ನು ನೋಡಿ ಮುಳುಗಿದ ಪಟ್ಟಣಕ್ಕಾಗಿ ಮರುಗಲು ಆಗಲಿಲ್ಲ.

ನೀರು ಮನೆ ಉಳಿಸುವುದನ್ನು ಇಲ್ಲಿ ಕಂಡೆ, ಮನೆ ತೆಗೆಯುವುದನ್ನು ಹೊನ್ನಾಳಿಯಲ್ಲಿ. ನನ್ನ ಸೋದರತ್ತೆ ಇದ್ದದ್ದು ಅಲ್ಲಿ, ಹೊಳೆಗೆ ಹತ್ತಿರದ ಓಣಿಯಲ್ಲಿ. ತುಂಗೆ, ಭದ್ರೆ ಎರಡೂ ಕೂಡಲಿಯಲ್ಲಿ ಒಂದಾಗಿ ಹರಿದು ಬರುವ ದಾರಿಯಲ್ಲಿ ಹೊನ್ನಾಳಿ ಇದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಗಾಜನೂರಿನ ತುಂಗಾ ಅಣೆಕಟ್ಟೆ ಬೇಗ ತುಂಬುತ್ತದೆ, ಅಲ್ಲಿ ಬಾಗಿಲು ತೆಗೆದರೆ ಇಲ್ಲಿ ಹೊಳೆದಂಡೆಯ ಬಾಲರಾಜ್ ಘಾಟ್‌ನವರು ಪಾತ್ರೆ ಪಗಡೆ ಕಟ್ಟಿಕೊಂಡು ಕಾಳಜಿ ಕೇಂದ್ರಕ್ಕೆ ಹೊರಡಬೇಕು. 2019ರ ಆಗಸ್ಟಿನಲ್ಲಿ ನೀರು ಸೋದರತ್ತೆಯ ಮನೆಯೊಳಗೂ ನಿಂತಿತು. ಮಣ್ಣಿನ ಗೋಡೆಗೆ ಮೇಲಿಂದ ಬೀಳುವ ಮಳೆ ದೊಡ್ಡ ಶತ್ರುವಲ್ಲ, ಬುಡದಲ್ಲಿ ನಿಲ್ಲುವ ನೀರು ಶತ್ರು. ಹೊರಗೆ ಸುಣ್ಣ ಹಾಗೇ ಇತ್ತು, ಕೈಯಿಟ್ಟರೆ ಗೋಡೆಯ ಬುಡ ಹಿಟ್ಟಿನ ಹಾಗೆ ಉದುರುತ್ತಿತ್ತು.

ಆ ವರ್ಷ ಸರ್ಕಾರ ಬಿದ್ದ ಮನೆಗಳನ್ನು ವರ್ಗ ಮಾಡಿತ್ತು. ಪೂರ್ತಿ ಹೋದ ಮನೆಗೆ 5 ಲಕ್ಷ ರೂಪಾಯಿ. ಭಾಗಶಃ ಬಿದ್ದದ್ದಾದರೆ ಕೆಡವಿ ಹೊಸದಾಗಿ ಕಟ್ಟಿಕೊಳ್ಳುವವರಿಗೆ 5 ಲಕ್ಷ, ದುರಸ್ತಿ ಮಾಡಿಕೊಳ್ಳುವವರಿಗೆ 3 ಲಕ್ಷ. ಸಣ್ಣಪುಟ್ಟ ಹಾನಿಗೆ 50 ಸಾವಿರ. ದುರಸ್ತಿಯೋ, ಮರುಕಟ್ಟುವಿಕೆಯೋ ಎಂಬ ಪ್ರಶ್ನೆ ಅರ್ಜಿ ನಮೂನೆಯಲ್ಲೇ ಬಂದು ಕೂತಿತ್ತು. ನೆರವು ದೊಡ್ಡದು, ಅದರಿಂದ ಬಹಳ ಜನರ ತಲೆಯ ಮೇಲೆ ಮತ್ತೆ ಸೂರು ಬಂತು. ಆದರೆ 2 ಲಕ್ಷದ ಆ ಅಂತರ ಕೆಡವುವ ಕಡೆಗೇ ತೂಗುತ್ತಿತ್ತು ಎಂದು ನನಗನ್ನಿಸುತ್ತದೆ. ಹಳೆಯ ಗೋಡೆಯನ್ನು ಕಲ್ಲಿನ ಬುಡ ಕೊಟ್ಟು ನಿಲ್ಲಿಸಬಲ್ಲ ಮೇಸ್ತ್ರಿಗಳು ಇದ್ದ ಊರಲ್ಲೂ ಜನ ಲೆಕ್ಕ ಹಾಕುವುದು ಸಹಜ. ಅತ್ತೆಯ ಮನೆಗೆ ಮಾತ್ರ ಆ ಚರ್ಚೆಯೇ ಬೇಡವಾಗಿತ್ತು. ಹೊಳೆ ಮತ್ತೆ ಬರುವುದು ಖಾತ್ರಿಯಿದ್ದ ಜಾಗ ಅದು. "ಎಪ್ಪತ್ತು ವರ್ಷ ಹೊಳಿ ಜೊತಿ ಬಾಳೇ ಮಾಡೀನಿ, ಈಗ ಬಿಟ್ಟು ಹೋಗು ಅಂದ್ರ ಹೆಂಗವ್ವಾ" ಎಂದು ಅತ್ತೆ ಅತ್ತರು. ನಾನು ಅವರ ಕೈ ಹಿಡಿದುಕೊಂಡೇ, ಹೋಗಬೇಕು ಎಂದು ಹೇಳಿದೆ. ಹಳೆಯ ಮನೆಗಳನ್ನು ಪ್ರೀತಿಸುವವರು ಈ ಮಾತನ್ನೂ ಹೇಳಲು ಗಟ್ಟಿಯಿರಬೇಕು. ಮನೆ ಕೂತ ನೆಲವೇ ಬಾಳುವೆಗೆ ಬಾರದಾಗ ಗೋಡೆಯ ದಪ್ಪ, ಕಂಬದ ಕೆತ್ತನೆ ಯಾವುದೂ ಎಣಿಕೆಗೆ ಬರುವುದಿಲ್ಲ. ಅವರು ಎತ್ತರದ ಬಡಾವಣೆಯಲ್ಲಿ ಮಗನ ಎರಡು ಕೋಣೆಯ ಮನೆಗೆ ಹೋದರು. ಸಂಜೆ ಆಟೋದಲ್ಲಿ ಹಿರೇಕಲ್ಮಠಕ್ಕೆ ಹೋಗಿ ಬರುವಾಗ ಹೊಳೆ ನೋಡಿಕೊಂಡು ಬರುತ್ತಿದ್ದರು.

ನ್ಯಾಮತಿಯ ತಂಗಿಯ ಮನೆಯ ಕತೆ ಚಿಕ್ಕದು. ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿ 2018ರಲ್ಲಿ ತಾನೇ ತಾಲ್ಲೂಕಾಯಿತು. ಕಚೇರಿಗಳು ಬಂದವು, ನೌಕರರು ಬಾಡಿಗೆ ಮನೆ ಕೇಳಿಕೊಂಡು ಬಂದರು. ತಂಗಿಯ ಮನೆಯವರು ಮುಂದಿನ ಅಂಗಳದಲ್ಲಿ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಟ್ಟು, ಹಿಂದಿನ ಹಳೆಯ ಹಂಚಿನ ಮನೆಯಲ್ಲಿ ತಾವಿದ್ದಾರೆ. ಅಂಗಳ ಹೋಯಿತು, ಮನೆ ಉಳಿಯಿತು, ಹಂಚು ತಿರುಗಿಸುವ ಖರ್ಚು ಬಾಡಿಗೆಯಿಂದ ಬರುತ್ತದೆ. ನನಗೆ ಇದು ಒಪ್ಪಿಗೆಯಾಯಿತು. ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ಎಲ್ಲೆಲ್ಲಿಂದಲೋ ಲಂಬಾಣಿ ಜನ ಮಾಲೆ ಹಾಕಿಕೊಂಡು ಬರುತ್ತಾರೆ. ಎತ್ತಿನ ಮೇಲೆ ಸರಕು ಹೇರಿಕೊಂಡು ತಲೆಮಾರುಗಳ ಕಾಲ ಊರೂರು ತಿರುಗಿದ ಸಮುದಾಯ ಅದು. ಅವರ ತಾಂಡಾಗಳು ಕಂದಾಯ ಗ್ರಾಮಗಳಾಗಿ ಮನೆಗೊಂದು ಹಕ್ಕುಪತ್ರ ಸಿಗಬೇಕೆಂದು ಅವರು ಎಷ್ಟು ಕಾಲ ಕೇಳಿಕೊಂಡು ಬಂದರು ಎಂಬುದನ್ನು ನೆನೆದಾಗ, ಇರುವ ಮನೆಯನ್ನು ಏನು ಮಾಡೋಣ ಎಂದು ಯೋಚಿಸುವುದಕ್ಕೇ ಒಂದು ಭಾಗ್ಯ ಬೇಕು ಅನ್ನಿಸುತ್ತದೆ.

ಹೆಚ್ಚು ಕಾಲ ಹಿಡಿದದ್ದು ನಮ್ಮದೇ ಮನೆಯ ತೀರ್ಮಾನ. ಮುಂದೆ ಜಗುಲಿ, ಅದರ ಹಿಂದೆ ಪಡಸಾಲೆ, ನಡುಮನೆ, ಅಟ್ಟ. ಹಿಂಭಾಗದಲ್ಲಿ ಅಡುಗೆಮನೆ, ಬಚ್ಚಲು, ಕೊಟ್ಟಿಗೆ. ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಸುಡತೊಡಗಿದ ಈ ಹಂಚು ಘಟ್ಟ ಹತ್ತಿ ನಮ್ಮ ಹಳ್ಳಿಗಳವರೆಗೂ ಬಂತು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಹಂಚಾದ್ದರಿಂದ ನಾಡಹೆಂಚಿನಷ್ಟು ಭಾರ ಬೀಳುವುದಿಲ್ಲ, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಬೇಸಿಗೆಯಲ್ಲಿ ಒಮ್ಮೆ ಯಾರಾದರೂ ಹತ್ತಿ ಹಂಚು ಕೈಯಾಡಿಸಲೇಬೇಕು. ಎಲೆ ಕಸ ತೆಗೆಯಬೇಕು, ಕೋತಿ ಸರಿಸಿದ್ದನ್ನು ಕೂಡಿಸಬೇಕು, ರೀಪಿಗೆ ಗೆದ್ದಲು ಹಿಡಿದಿದೆಯೇ ನೋಡಬೇಕು.

ಊರಿನ ಅರ್ಧ ಮನೆಗಳು ಅಷ್ಟು ಹೊತ್ತಿಗೆ ಆರ್‌ಸಿಸಿ ಆಗಿದ್ದವು. ಭತ್ತದ ಗದ್ದೆಗಳು ಅಡಿಕೆ ತೋಟವಾದವು. 2021ರಲ್ಲಿ ರಾಶಿ ಅಡಿಕೆಯ ಧಾರಣೆ ಕ್ವಿಂಟಲ್‌ಗೆ 50 ಸಾವಿರದ ಆಸುಪಾಸಿಗೆ ಹೋದಾಗ ನಮ್ಮ ಬೀದಿಯಲ್ಲಿ ಒಟ್ಟೊಟ್ಟಿಗೆ ಮನೆಗಳು ಏಳತೊಡಗಿದವು. ಇದನ್ನು ಬರೀ ದುಡ್ಡಿನ ಬಿಂಕ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಡಿಕೆ ಸುಲಿದು, ಬೇಯಿಸಿ, ಚೊಗರು ಬಸಿದು, ದಿನಗಟ್ಟಲೆ ಬಿಸಿಲಿಗೆ ಹರವಬೇಕು. ಕೊಯ್ಲು ಶುರುವಾಗುವುದೇ ಮಳೆ ಪೂರ್ತಿ ಬಿಡದ ಹೊತ್ತಿಗೆ. ತಾರಸಿಯಾದರೆ ಕೋಳಿ, ನಾಯಿ ಬರುವುದಿಲ್ಲ, ಮೋಡ ಕಂಡರೆ ಬೇಗ ಬಾಚಿ ಮುಚ್ಚಬಹುದು. ಹೆಂಗಸರಿಗೆ ಎಷ್ಟೋ ದಣಿವು ತಪ್ಪಿತು. ಹಾಗೆಯೇ ಆ ಮನೆಗಳಲ್ಲಿ ಏಪ್ರಿಲ್ ರಾತ್ರಿ ಮಲಗಲು ಆಗುವುದಿಲ್ಲ ಎಂಬುದೂ ನಿಜ. ಹಗಲೆಲ್ಲ ಕಾದ ಛತ್ತು ರಾತ್ರಿಯಿಡೀ ಕಾವು ಇಳಿಸುತ್ತಿರುತ್ತದೆ. ನಮ್ಮ ಎರಡಡಿ ದಪ್ಪದ ಮಣ್ಣಿನ ಗೋಡೆಯ ನಡುಮನೆಗೆ ಮಧ್ಯಾಹ್ನ ಅಕ್ಕಪಕ್ಕದವರು ಚಾಪೆ ತಂದು ಮಲಗುತ್ತಿದ್ದರು.

ಬೆಂಗಳೂರಿನಲ್ಲಿರುವ ಮಗ ದಾವಣಗೆರೆಯಲ್ಲಿ ಫ್ಲ್ಯಾಟ್ ತೆಗೆದುಕೊಳ್ಳೋಣ ಎಂದ. "ಅಮ್ಮ, ನಿಮಗಿಬ್ಬರಿಗೂ ವಯಸ್ಸಾಯ್ತು, ಆಸ್ಪತ್ರೆ ಹತ್ರ ಇರ್ಬೇಕು" ಎಂಬ ಅವನ ಮಾತಿನಲ್ಲಿ ಕಾಳಜಿಯಿತ್ತು, ತಪ್ಪಿರಲಿಲ್ಲ. ಮೈದುನ ಪೂರ್ತಿ ಕೆಡವಿ ಕಟ್ಟೋಣ ಎಂದ. ನಮ್ಮ ಮನೆಯವರು ಮನೆಯನ್ನು ಮುಟ್ಟುವುದು ಬೇಡ, ಹಿತ್ತಲಿಗೆ ಕಾಂಕ್ರೀಟು ಹಾಕಿ ಕಣ ಮಾಡಿದರೆ ಸಾಕು ಎಂದರು. ನನಗೆ ಬೇಡವಾದದ್ದು ಇದೇ. ಹುಣಸೆ, ನುಗ್ಗೆ, ಕರಿಬೇವು, ಎರಡು ತೆಂಗು, ಮಾವ ನೆಟ್ಟ ಹಲಸು, ಮೂಲೆಯಲ್ಲಿ ಬತ್ತಿದ ಬಾವಿ, ಇಷ್ಟೂ ಆ ಹಿತ್ತಲಲ್ಲಿದ್ದವು. ಬಾವಿಯನ್ನು ಮಣ್ಣು ತುಂಬಿ ಮುಚ್ಚುವ ಮಾತೂ ಬಂದಿತ್ತು. ಒಂದು ವರ್ಷ ಎಲ್ಲರೂ ಮಾತಾಡಿದೆವು, ಏನೂ ಮಾಡಲಿಲ್ಲ.

ತೀರ್ಮಾನಕ್ಕೆ ದಾರಿ ತೆಗೆದದ್ದು 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲಾದ ವರ್ಷ ಅದು. ಮರುವರ್ಷದ ಬೇಸಿಗೆಯಲ್ಲಿ ನಾಲೆಯ ಸೀಮೆಯೆಂದು ಬೀಗುತ್ತಿದ್ದ ನಮ್ಮಲ್ಲೂ ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರ್‌ನಲ್ಲಿ ನೀರು ಹೊಡೆಸಿದರು. ನಮ್ಮ ಕೊಳವೆಬಾವಿಯೂ ಗಾಳಿ ಉಗುಳಿತು. ಜಗಳೂರಿನ ನನ್ನ ಬಾಲ್ಯ ಇಲ್ಲಿಗೂ ಬಂತಲ್ಲ ಎಂದು ನಡುಗಿದೆ. ಮಳೆ ಬಂದಾಗ ಹಂಚಿನ ನೀರನ್ನು ದೋಣಿ ಕಟ್ಟಿ, ಜಲ್ಲಿ ಮರಳು ತುಂಬಿದ ಗುಂಡಿಯಲ್ಲಿ ಸೋಸಿ ಆ ಹಳೆಯ ಬಾವಿಗೆ ಬಿಟ್ಟೆವು. ಬಾವಿ ಮುಚ್ಚುವ ಮಾತು ಅಲ್ಲಿಗೆ ನಿಂತಿತು, ಅದರ ಜೊತೆಗೆ ಇಡೀ ಹಿತ್ತಲಿಗೆ ಕಾಂಕ್ರೀಟು ಹಾಕುವ ಮಾತೂ. ನಾಲ್ಕನೇ ಒಂದು ಭಾಗಕ್ಕೆ ಮಾತ್ರ ಕಲ್ಲು ಚಪ್ಪಡಿ ಹಾಸಿದೆವು, ಸಂದುಗಳಿಗೆ ಸಿಮೆಂಟು ಮೆತ್ತಲಿಲ್ಲ.

ಆಮೇಲೆ ನಾನು ಎಲ್ಲರನ್ನೂ ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: ಮುಂದಿನ ಹತ್ತು ವರ್ಷ ಹಂಚು ಕೈಯಾಡಿಸುವವರು ಯಾರು? ಹಾಗೆ ಕೇಳಿದ ಮೇಲೆ ಮನೆ ತಾನಾಗಿ ಎರಡು ಭಾಗವಾಯಿತು. ಪಡಸಾಲೆ, ನಡುಮನೆಯ ಹಂಚು ನಾವು ಸಾಕಬಹುದಾದಷ್ಟು. ಅಡುಗೆಮನೆ, ಬಚ್ಚಲು, ಕೊಟ್ಟಿಗೆಯ ಹಿಂಭಾಗ ಸಾಕಲಾಗದಷ್ಟು. ದನ ಹೋಗಿ ಬಹಳ ಕಾಲವಾಗಿತ್ತು. ರಾತ್ರಿ ಬಚ್ಚಲಿಗೆ ಎರಡು ಹೊಸಿಲು ದಾಟಿ, ಮೆಟ್ಟಿಲಿಳಿದು ಹೋಗುವುದು ನಮ್ಮ ಮನೆಯವರ ಮೊಣಕಾಲಿಗೆ ಆಗುತ್ತಿರಲಿಲ್ಲ. ಹಿಂಭಾಗ ಕೆಡವಿ ಕಟ್ಟುವುದು, ಮುಂಭಾಗ ಉಳಿಸುವುದು ಎಂದಾಯಿತು.

ಕೆಡವಿದ ಗೋಡೆಯ ಮಣ್ಣು ಗುಡ್ಡೆಯಾಗಿ ಬಿದ್ದಾಗ ಅದನ್ನು ಟ್ರ್ಯಾಕ್ಟರಿಗೆ ತುಂಬಿ ಸಾಗಿಸಲು ಮೈದುನ ಸಿದ್ಧನಿದ್ದ. ಮನೆ ಕೆಲಸ ನೋಡಿಕೊಳ್ಳುತ್ತಿದ್ದ ಯುವ ಎಂಜಿನಿಯರ್ ತಡೆದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ಕೆಲಸವನ್ನು ಅವನು ಓದಿಕೊಂಡಿದ್ದ. ಹೊಗೆಯಿಲ್ಲದ ಅಸ್ತ್ರ ಒಲೆಯಿಂದ ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಹೆಸರೇ ಅದು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ ಸುಡದ ಮಣ್ಣಿನ ಇಟ್ಟಿಗೆಯ ವಿಧಾನವನ್ನು ವಿವರಿಸಿದ. ಹಳೆಯ ಗೋಡೆಯ ಮಣ್ಣನ್ನೇ ಜರಡಿ ಹಿಡಿದು, ಜೇಡಿ ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ ಏಳೆಂಟು ಭಾಗ ಸಿಮೆಂಟು ಹಾಕಿ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಬೇಕು. ಹಾಗೇ ಮಾಡಿದೆವು. ಮೇಸ್ತ್ರಿಗೆ ಮೊದಲು ನಂಬಿಕೆಯಿರಲಿಲ್ಲ. ಮೊದಲ ಸಾಲು ಕಟ್ಟಿದ ಮೇಲೆ ಕರಣೆಯ ಹಿಡಿಯಿಂದ ಗೋಡೆ ಬಡಿದು ನೋಡಿ, "ಗಟ್ಟಿ ಐತೆ ಬಿಡ್ರಿ ಅಕ್ಕಾರೆ" ಎಂದ. ಈ ಹೊಸ ಹಿಂಭಾಗದ ಪಡಸಾಲೆಗೆ ನಿಂತದ್ದು ಜಗಳೂರಿನಿಂದ ತಂದ ಬೇವಿನ ಕಂಬಗಳು. ಒಂದರ ಬುಡ ಹಾಳಾಗಿತ್ತು, ಅಡಿ ಕೊಯ್ದು ಕಲ್ಲಿನ ಪೀಠ ಕೊಟ್ಟು ನಿಲ್ಲಿಸಿದರು. ಅದರ ಮೇಲೆ ಸಣ್ಣ ತಾರಸಿ, ಅಡಿಕೆ ಒಣಗಿಸಲು. ಮೈದುನನಿಗೆ ಬೇಕಾದದ್ದೂ ಸಿಕ್ಕಿತು.

ಮಗನ ಮಾತನ್ನು ತಳ್ಳಿಹಾಕಿಲ್ಲ. ಇಬ್ಬರಲ್ಲಿ ಒಬ್ಬರೇ ಉಳಿದಾಗ ದಾವಣಗೆರೆಗೆ ಹೋಗುವುದೆಂದು ಈಗಲೇ ಮಾತಾಗಿದೆ, ಆಗ ಮನೆಯ ಹೊಣೆ ಮೈದುನನ ಮಗನದು. ಅವನು ಊರಲ್ಲೇ ತೋಟ ನೋಡಿಕೊಂಡಿದ್ದಾನೆ. ಊರಿನಲ್ಲಿ ಹಂಚು ಬಲ್ಲ ಹಿರಿಯರೊಬ್ಬರು ಉಳಿದಿದ್ದಾರೆ, ಈಗ ಏಣಿ ಹತ್ತಲಾರರು. ಈ ಬೇಸಿಗೆಯಲ್ಲಿ ಅವರನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಹುಡುಗನನ್ನು ಮೇಲೆ ಹತ್ತಿಸಿದೆವು. ಅವರು ಕೆಳಗಿನಿಂದ ಹೇಳಿದರು, ಇವನು ಮಾಡಿದ. ಒಡೆದವಕ್ಕೆ ಬದಲಿ ಹಂಚನ್ನು ಪಕ್ಕದ ಊರಿನಲ್ಲಿ ಹಳೆಯ ಮನೆ ಕೆಡವುತ್ತಿದ್ದವರಿಂದ ಕೊಂಡು, ಮುಂದಿನ ವರ್ಷಗಳಿಗೂ ಇರಲೆಂದು ಇನ್ನಷ್ಟನ್ನು ಅಟ್ಟದ ಮೇಲೆ ಜೋಡಿಸಿಟ್ಟಿದ್ದೇವೆ. ಹೊಸ ಬಚ್ಚಲ ನೀರನ್ನು ಎಲ್ಲಿಗೆ ಬಿಡುವುದು ಎಂಬುದೊಂದು ಇನ್ನೂ ತೀರ್ಮಾನವಾಗಿಲ್ಲ. ತೆಂಗಿನ ಬುಡಕ್ಕೆ ಎನ್ನುತ್ತಾರೆ ನಮ್ಮ ಮನೆಯವರು. ಬಾಳೆ ಹಾಕಿ ಅದಕ್ಕೆ ಬಿಡೋಣ ಎನ್ನುತ್ತೇನೆ ನಾನು.